ಒರಳಿಗೆ ಬೆನ್ನು ಹಾಕಿ ಕೂತವನು

ಚೆ ಬ್ವಾನಾಲಿಯ ಹೆಂಡತಿ ತೀರಿಕೊಂಡು ಮೂವತ್ತೆರಡು ದಿನವಾಗಿತ್ತು. ಇನ್ನೆಂಟು ದಿನಕ್ಕೆ ನಲವತ್ತರ ಸದಕಾ. ಅಂದು ಮಸೀದಿಯ ಶೇಖ್ ಬಂದು ಓದುತ್ತಾರೆ, ಊರಿಗೆಲ್ಲ ಅನ್ನ ಮತ್ತು ಮೇಕೆ ಮಾಂಸದ ಊಟವಾಗುತ್ತದೆ. ಊಟವಾದ ಮೇಲೆ ಹೆಂಡತಿಯ ಅಣ್ಣ ಎಲ್ಲರೆದುರು ಎದ್ದು ನಿಂತು, "ನಮ್ಮ ಅಳಿಯನಿಗೆ ಇವತ್ತಿಗೆ ಬಿಡುಗಡೆ" ಎನ್ನುತ್ತಾನೆ. ಬಿಡುಗಡೆ ಎಂಬುದು ಜೈಲಿನಲ್ಲಿರುವವನಿಗೆ ಸಿಹಿಯಾದ ಮಾತು. ಮನೆಯಲ್ಲಿರುವವನಿಗೆ ಅಷ್ಟಲ್ಲ. ಚಾಪೆ ಸುತ್ತಿಕೊಂಡು, ಮೂವತ್ತನಾಲ್ಕು ವರ್ಷದ ಹಿಂದೆ ಬಿಟ್ಟು ಬಂದ ತಾಯಿಯ ಊರಿಗೆ ನಡೆಯಬೇಕು.

ಸರೋವರದ ದಂಡೆಯ ನಾಂಗೂಲ ಯಾವೊ ಎಂಬ ಜನಾಂಗದವರ ಊರು. ಅಲ್ಲಿ ಮನೆ ಹೆಂಗಸರದು, ಹೊಲ ಹೆಂಗಸರದು, ಮಕ್ಕಳೂ ಹೆಂಗಸರ ಕಡೆಯವರೇ. ಗಂಡನೆಂಬವನು ಬೇರೆ ಊರಿನಿಂದ ಬಂದು, ಇಟ್ಟಿಗೆ ಸುಟ್ಟು, ಗೋಡೆ ಎಬ್ಬಿಸಿ, ಹುಲ್ಲು ಹೊದಿಸಿ, ತಾನೇ ಕಟ್ಟಿದ ಮನೆಯಲ್ಲಿ ನೆಂಟನ ಹಾಗೆ ಇರುವವನು. ನಮ್ಮಲ್ಲಿ ಮನೆಯಳಿಯ ಎಂದರೆ ಊರಿಗೊಬ್ಬ ಸಿಕ್ಕಾನು. ಅಲ್ಲಿ ಊರಿನ ಗಂಡಂದಿರೆಲ್ಲ ಅದೇ ಪಂಗಡ. ಹೆಂಗಸರ ಹೆಸರಿನ ಮುಂದೆ ‘ಅಬಿತಿ’, ಗಂಡಸರ ಹೆಸರಿನ ಮುಂದೆ ‘ಚೆ’ ಸೇರಿಸುವುದು ಗೌರವಕ್ಕೆ. ಆದರೆ ಅಳಿಯಂದಿರ ಹೆಸರಿನ ಮುಂದೆ ಬಂದಾಗ ಮಾತ್ರ ಈ ‘ಚೆ’ ನಮ್ಮ ‘ಛೇ’ಗೆ ಬಹಳ ಹತ್ತಿರವಾಗಿ ಕೇಳಿಸುತ್ತಿತ್ತು.

ಬ್ವಾನಾಲಿಗೆ ಹೋಗಲು ಮನಸ್ಸಿರಲಿಲ್ಲ. ಅವನ ಹೆಂಡತಿ ಅಬಿತಿ ಕಂದುಲು ಹಿತ್ತಲಿನಾಚೆ, ಬಾವೊಬಾಬ್ ಮರದ ಕೆಳಗೆ ಮಲಗಿದ್ದಳು. ಅವನ ಜಗುಲಿಯಿಂದ ಆ ಮರ ಕಾಣುತ್ತಿತ್ತು. ಅಲ್ಲೇ ಕೂತು ಚಾಪೆ ಹೆಣೆಯುತ್ತ ಉಳಿದ ದಿನ ಕಳೆಯಬೇಕೆಂಬುದಷ್ಟೇ ಅವನ ಆಸೆ. ಅದಕ್ಕೊಂದು ದಾರಿಯೂ ಇತ್ತು: ಹೆಂಡತಿಯ ಮನೆತನದ ಹೆಂಗಸರು ಸದಕಾಕ್ಕೆ ಮುಂಚೆ ಒಮ್ಮತದಿಂದ "ಇರಲಿ" ಎಂದರೆ ವಿಧುರ ಉಳಿಯಬಹುದು. ಆ ಹೆಂಗಸರಲ್ಲಿ ಹಿರಿಯಳು ಅಬಿತಿ ಜಫಾಲಿ, ಹೆಂಡತಿಯ ಅಕ್ಕನ ಮಗಳು. ಚಿಕ್ಕಪ್ಪನ ಮೇಲೆ ಅವಳಿಗೆ ಪ್ರೀತಿಯಿತ್ತು. "ನೋಡೋಣ ಚಿಕ್ಕಪ್ಪ, ನೀವೇನು ಯಾರಿಗೂ ಭಾರ ಅಲ್ಲ" ಎಂದಿದ್ದಳು. ಆ ಒಂದು ಮಾತಿನ ಮೇಲೆ ಅವನು ಮೂವತ್ತೆರಡು ದಿನ ಹೊಟ್ಟೆಗೆ ಒಂದಷ್ಟು ಹಾಕಿಕೊಂಡಿದ್ದ. ಹಾಕಿಕೊಳ್ಳಲು ಇದ್ದದ್ದೂ ಅಷ್ಟೇ, ಮೆಕ್ಕೆಜೋಳದ ಮುದ್ದೆ. ಅದಕ್ಕೆ ಅವರು ಉಗಾದಿ ಎನ್ನುತ್ತಾರೆ. ನಮಗೆ ವರ್ಷಕ್ಕೊಮ್ಮೆ ಬರುವುದು ಅವರಿಗೆ ದಿನಕ್ಕೆರಡು ಸಲ. ಆದರೆ ಹೆಂಡತಿ ಹೋದವನಿಗೆ ಯಾವ ಉಗಾದಿಯಲ್ಲೂ ಬೇವೇ ಹೆಚ್ಚು.

ಅವರ ದಾಂಪತ್ಯದ ಮಾತುಕತೆಯೆಲ್ಲ ಒರಳಿನ ಮೂಲಕ ನಡೆದದ್ದು. ಎದುರೆದುರು ನಿಂತಾಗ ಅಬಿತಿ ಕಂದುಲು ಗಂಡನಿಗೆ ಒಂದು ಒರಟು ಮಾತು ಆಡಿದವಳಲ್ಲ. ಬೆಳಗ್ಗೆ ಒನಕೆ ಕೈಗೆ ಬಂದರೆ ಮುಗಿಯಿತು. ಆ ಊರಿನ ಕಟ್ಟಳೆಯೇ ಹಾಗೆ: ಜೋಳ ಕುಟ್ಟುವಾಗ ಹೆಂಗಸು ಏನು ಬೇಕಾದರೂ ಹಾಡಬಹುದು. ಗಂಡನ ಸೋಮಾರಿತನ, ಗೊರಕೆ, ಅವನ ತಾಯಿಯ ಜಿಪುಣತನ, ಸೋರುವ ಮಾಡು, ಯಾವುದಕ್ಕೂ ತಡೆಯಿಲ್ಲ. ಗಂಡನ ಪಾಲಿಗೆ ಇರುವ ಕೆಲಸ ಒಂದೇ. ಅವನು ಕೇಳಿಸಿಕೊಳ್ಳಬಾರದು. ಒರಳಿಗೆ ಬೆನ್ನು ಹಾಕಿ ಕೂತು, ಬೆಟ್ಟದ ಕಡೆ ನೋಡುತ್ತ, ಚಾಪೆ ಹೆಣೆಯುತ್ತಿರಬೇಕು. ಹಾಡಿಗೆ ಉತ್ತರ ಕೊಡುವ ಹಾಗಿಲ್ಲ, ಮುಖ ಊದಿಸಿಕೊಳ್ಳುವ ಹಾಗಿಲ್ಲ, ನಗುವ ಹಾಗಂತೂ ಇಲ್ಲವೇ ಇಲ್ಲ.

"ನನ್ನ ತಲೆಯ ಮೇಲೆ ಆಕಾಶ ಕಾಣುತ್ತದೆ, ಹುಲ್ಲೆಲ್ಲಿ ಹೋಯಿತು? ಕಪ್ಪೆಗೆ ಗಂಡನಿದ್ದಾನೆ, ನನಗಿಂತ ಒಣ ಜಾಗದಲ್ಲಿ ಮಲಗುತ್ತದೆ" ಎಂದು ಅವಳು ಹಾಡಿದರೆ ಬ್ವಾನಾಲಿ ತಾಳೆಗರಿಯ ಎಳೆ ಎಣಿಸುತ್ತಿದ್ದ. ಮೂರು ದಿನ ಬಿಟ್ಟು, ಬೇರೇನೋ ನೆವ ತೆಗೆದು, "ಹುಲ್ಲು ಚೆನ್ನಾಗಿ ಒಣಗಿದೆ, ಸುಮ್ನೆ ಯಾಕೆ ಹಾಳಾಗ್ಲಿ" ಎಂದು ಮಾಡು ಹತ್ತುತ್ತಿದ್ದ. ಅವಳು ಕೆಳಗಿನಿಂದ ಹುಲ್ಲಿನ ಕಟ್ಟು ಎಸೆಯುತ್ತ, "ಅಯ್ಯೋ, ಮಾಡು ಸೋರ್ತಿತ್ತಾ? ನನಗೆ ಗೊತ್ತೇ ಇರ್ಲಿಲ್ಲ" ಎನ್ನುತ್ತಿದ್ದಳು. ಉಪ್ಪಿನ ಹಾಡು ಬಂದ ವಾರ ಸಂತೆಯಿಂದ ಉಪ್ಪು ಬರುತ್ತಿತ್ತು, ಸೋಪಿನ ಹಾಡು ಬಂದ ವಾರ ಸೋಪು. ಒಂದೇ ಒಂದು ಹಾಡನ್ನು ಅವಳು ಒಂದೇ ಒಂದು ಸಲ ಹಾಡಿದ್ದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆ ಪೆಟ್ಟಿಗೆಯಲ್ಲೇ ಮಡಿಕೆ ಮುರಿಯದೆ ಹಳೆಯದಾಯಿತೆಂಬ ಹಾಡು. ಅದಕ್ಕೆ ಯಾವ ಸಂತೆಯಲ್ಲೂ ಏನೂ ಸಿಗುವಂತಿರಲಿಲ್ಲ. ಆ ದಿನ ಅವನು ಒಂದು ಚಾಪೆಯನ್ನು ಪೂರಾ ತಪ್ಪು ಹೆಣೆದು ಬಿಚ್ಚಿದ್ದ.

ಆಮೇಲೆ ಊರಿಗೆ ಡೀಸೆಲ್ ಗಿರಣಿ ಬಂತು. ಕುಟ್ಟುವ ಕೆಲಸ ಹೋಯಿತು, ಹಾಡೂ ಹೋಯಿತು. ಗಿರಣಿಯ ಸದ್ದಿಗೆ ಬೈದರೆ ಪಕ್ಕದವಳಿಗೂ ಕೇಳಿಸುವುದಿಲ್ಲ. ಅಬಿತಿ ಕಂದುಲು ಮಾತ್ರ ಆಗೊಮ್ಮೆ ಈಗೊಮ್ಮೆ, ಗಿರಣಿ ಹಿಟ್ಟು ಹೊಟ್ಟೆಗೆ ಒಗ್ಗುವುದಿಲ್ಲವೆಂದು ಒನಕೆ ಹಿಡಿಯುತ್ತಿದ್ದಳು. ಕೊನೆಯ ಸಲ ಹಿಡಿದಾಗ ಅವಳ ಕೈಯಲ್ಲಿ ಶಕ್ತಿಯಿರಲಿಲ್ಲ. ನಾಲ್ಕು ಪೆಟ್ಟು ಕುಟ್ಟಿ, ಒನಕೆಗೆ ಒರಗಿ ನಿಂತು, ಮೆಲ್ಲಗೆ ಹಾಡಿದ್ದಳು: "ಕೇಳದವನೇ, ಕೇಳದವನೇ, ನಾನು ಸುಮ್ಮನಾದರೆ ನೀನು ಯಾವುದನ್ನು ಕೇಳದೆ ಕೂತಿರುವೆ?"

ಅವನು ಬೆಟ್ಟ ನೋಡುತ್ತಲೇ ಇದ್ದ. ಕಟ್ಟಳೆ ಅಂದರೆ ಕಟ್ಟಳೆ.

ಮೂವತ್ತಮೂರನೆಯ ದಿನ ಜೋಂಬಾ ಪಟ್ಟಣದ ಕಾಲೇಜಿನಿಂದ ಒಂದು ಜೀಪು ಬಂತು. ಇಳಿದವರು ಇಬ್ಬರು. ಒಬ್ಬಳು ಆಸಿಯಾತು, ಅದೇ ಸರೋವರದ ದಂಡೆಯ ಹುಡುಗಿ, ಓದಿ ಈಗ ಕಾಲೇಜಿನಲ್ಲಿ ಕಲಿಸುವವಳು. ಇನ್ನೊಬ್ಬರು ಹಿಲ್ಡೆ ಎಂಬ ಹೊರದೇಶದ ಮೇಡಂ. ಬಿಸಿಲಿಗೆ ಮೂಗು ಸುಲಿದು ಹುರಿದ ಕಡಲೆಯ ಬಣ್ಣಕ್ಕೆ ಬಂದಿತ್ತು. ಇಬ್ಬರೂ ಸೇರಿ ಯಾವೊ ಹೆಂಗಸರ ಕುಟ್ಟುವ ಹಾಡುಗಳನ್ನು ಕೂಡಿಹಾಕುತ್ತಿದ್ದರು. ಇಬ್ಬರೇ ಮಾಡುವ ಕೆಲಸ ಅಲ್ಲವಂತೆ ಅದು, ಊರಿನವರೂ ಪಾಲುದಾರರಂತೆ. ಅಬಿತಿ ಜಫಾಲಿಗೆ ಒಂದು ನೋಟ್‌ಬುಕ್ಕು, ರೆಕಾರ್ಡು ಮಾಡುವ ಯಂತ್ರ ಕೊಟ್ಟು ಅವಳನ್ನೂ ಸಂಶೋಧಕಿ ಮಾಡಿದರು. ಅವಳು ಯಂತ್ರವನ್ನು ಕೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಳು.

ಆಸಿಯಾತುವಿನ ಪುಸ್ತಕದಲ್ಲಿ ಎರಡು ಕಾಲಂ ಇತ್ತು, ಹೆಂಗಸರ ಕೆಲಸ, ಗಂಡಸರ ಕೆಲಸ.

"ನೀವು ಕುಟ್ಟುವಾಗ ಗಂಡಸ್ರು ಏನ್ ಮಾಡ್ತಾರಮ್ಮ?"

"ಏನೂ ಮಾಡಲ್ಲ."

"ಏನಾದ್ರೂ ಒಂದು?"

"ಕೂತಿರ್ತಾರೆ. ಅದನ್ನ ಕೆಲಸ ಅಂತ ಬರ್ಕೊಳ್ಳೋ ಹಾಗಿದ್ರೆ ಬರ್ಕೊ ತಾಯಿ" ಎಂದಳು ಅಬಿತಿ ಜಫಾಲಿ. ಹೆಂಗಸರೆಲ್ಲ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ಗಂಡಸರ ಕಾಲಂ ಖಾಲಿ ಉಳಿಯಿತು.

ಕೋಳಿಗೂಡಿನ ಹಿಂದಿನಿಂದ ಒರಳು, ಒನಕೆ ಎಳೆದು ತಂದರು. ಒನಕೆ ಎತ್ತಿದ ಮೇಲೆ ಗೊತ್ತಾಯಿತು, ಹನ್ನೆರಡು ವರ್ಷದ ಗಿರಣಿ ಎಲ್ಲವನ್ನೂ ನುಣ್ಣಗೆ ಬೀಸಿಬಿಟ್ಟಿತ್ತು. ಅವರವರು ಕಟ್ಟಿದ ಹಾಡು ಅವರವರಿಗೇ ನೆನಪಿರಲಿಲ್ಲ. "ಚಿಕ್ಕಮ್ಮ ಇದ್ದಿದ್ರೆ!" ಎಂದು ನಿಟ್ಟುಸಿರಿಟ್ಟರು. ಅಬಿತಿ ಕಂದುಲುವಿನ ಹಾಡುಗಳನ್ನು ಆ ಕಾಲದಲ್ಲಿ ಊರೇ ಎರವಲು ಪಡೆದು ತಂತಮ್ಮ ಗಂಡಂದಿರ ಮೇಲೆ ಬಳಸುತ್ತಿತ್ತು. ತಡಕಾಡಿ ತಡಕಾಡಿ, ಅವಳ ಮೀನಿನ ಹಾಡು ಒಬ್ಬಳ ನಾಲಿಗೆಗೆ ಸಿಕ್ಕಿತು. ಎಲ್ಲರೂ ಹಿಡಿದರು. ಒನಕೆ ಏಳತೊಡಗಿತು.

ಇಪ್ಪತ್ತು ಹೆಜ್ಜೆ ದೂರದ ಜಗುಲಿಯಲ್ಲಿ ಚೆ ಬ್ವಾನಾಲಿ ಎಂದಿನಂತೆ ಬೆನ್ನು ಹಾಕಿ ಕೂತಿದ್ದ. ಮೂವತ್ತಮೂರು ದಿನದ ಮೇಲೆ, ಅಲ್ಲ, ಅದಕ್ಕೂ ಎಷ್ಟೋ ತಿಂಗಳ ಮೇಲೆ ಆ ಪೆಟ್ಟು ಅವನ ಕಿವಿಗೆ ಬಿತ್ತು. ಕೈಯಲ್ಲಿದ್ದ ತಾಳೆಗರಿ ಅಲ್ಲೇ ನಿಂತಿತು.

"ಸರೋವರಕ್ಕೆ ಹೋದ ನನ್ನ ಗಂಡ, ದೋಣಿ ತುಂಬ ಗಾಳಿ ತಂದ," ಹೆಂಗಸರು ಹಾಡಿದರು. "ಬಲೆಗೆ ಬಿದ್ದ ಚಂದ್ರನ ಬಿಟ್ಟ, ಮೂರು ಮೀನು ತಂದ..."

"ಎರಡು!" ಎಂದ ಬ್ವಾನಾಲಿ.

ಒನಕೆ ಮೇಲೆಯೇ ನಿಂತಿತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಕೆಮ್ಮು ಅಂತ ತೇಲಿಸಬಹುದಿತ್ತು. ಆದರೆ ಅವಳ ಹಾಡು ತಪ್ಪಾಗಿ ಯಂತ್ರದೊಳಗೆ ಹೋಗುವುದನ್ನು ಅವನಿಂದ ತಡೆಯಲಾಗಲಿಲ್ಲ. ತಿರುಗಿಯೇ ಬಿಟ್ಟ.

"ಮೂರಲ್ಲ, ಎರಡು ಮೀನು. ಅದರಲ್ಲೊಂದು ಅವಳ ಅಂಗೈಗಿಂತ ಚಿಕ್ಕದು. ‘ಎರಡು ತಂದ, ಒಂದು ನಾಚಿಕೊಂಡು ಮುದುಡಿತ್ತು’ ಅಂತ ಇರೋದು. ಮೂರು ಅಂದ್ರೆ ಒನಕೆ ಪೆಟ್ಟಿಗೆ ಕೂರೋದೇ ಇಲ್ಲ, ನೋಡಿ ಬೇಕಾದ್ರೆ."

ಸತ್ತವಳ ಮೇಲಿನ ಮರ್ಯಾದೆಗೆ ಹೆಂಗಸರೇ ಒಂದು ಮೀನು ಹೆಚ್ಚು ಕೊಟ್ಟು ಅವನ ಮಾನ ಉಳಿಸಿದ್ದರು. ಅವನು ಅದನ್ನು ವಾಪಸು ಮಾಡಿಬಿಟ್ಟಿದ್ದ.

"ಚಿಕ್ಕಪ್ಪ," ಎಂದಳು ಅಬಿತಿ ಜಫಾಲಿ, "ನಿಮಗೆ ಕೇಳಿಸ್ತಿತ್ತಾ?"

"ಇಲ್ಲ" ಎಂದ ಅವನು. ಆ ಊರಿನ ಇತಿಹಾಸದಲ್ಲಿ ಅಷ್ಟು ತಡವಾಗಿ ಬಂದ ‘ಇಲ್ಲ’ ಬೇರೊಂದಿರಲಿಲ್ಲ.

ಮಾರನೆಯ ಬೆಳಗ್ಗೆ ಹೆಂಡತಿಯ ಅಣ್ಣ ಚೆ ಸುಮಾನಿ, ಅದೇ ಊರಿನ ಇನ್ನೊಂದು ಮನೆಗೆ ಅಳಿಯನಾದವನು, ಬಾವೊ ಮಣೆ ಹಿಡಿದು ಬಂದ. ನಮ್ಮ ಅಳಗುಳಿ ಮಣೆಯ ದೊಡ್ಡಣ್ಣ ಅದು. ಭಾವನೊಡನೆ ಬಾವೊ ಆಡುವುದು ಇಬ್ಬರಿಗೂ ನಿತ್ಯದ ಅಭ್ಯಾಸ. ಅಂದು ಮಣೆ ಇಟ್ಟನೇ ಹೊರತು ಕಾಯಿ ಹಾಕಲಿಲ್ಲ. ಸುಮಾನಿ ಸುಮ್ಮನಿರುವ ಜನವಲ್ಲ. ಸುಮ್ಮನಿದ್ದದ್ದು ನೋಡಿಯೇ ಬ್ವಾನಾಲಿಗೆ ವಿಷಯ ಅರ್ಥವಾಯಿತು.

"ಭಾವ, ಮೂವತ್ನಾಲ್ಕು ವರ್ಷ ಕಿವುಡ ಆಗಿದ್ದೋನಿಗೆ ಇನ್ನೊಂದು ವಾರ ಇರಕ್ಕಾಗ್ಲಿಲ್ವ?"

"ಬಾಯಿ ಜಾರ್ತು."

"ನಿನ್ನ ಬಾಯಿ ಜಾರಿ ನಮ್ಮ ಕಾಲು ಮುರೀತು. ನೀನು ಕೇಳಿಸ್ಕೊಂಡಿದ್ದೀಯ ಅಂದ್ರೆ ನಾವೆಲ್ಲ ಕೇಳಿಸ್ಕೊಂಡಿದ್ದೀವಿ ಅಂತಾಯ್ತಲ್ಲ! ಬೆಳಗ್ಗೆ ಗಂಜಿ ಇಡುವಾಗ ನನ್ನ ಹೆಂಡ್ತಿ ಕೇಳ್ತಾಳೆ, ‘ಏನ್ರೀ, ಆಗ ನಾನು ಕಂಬಳಿ ಬೇಕೂಂತ ಎಂಟು ವರ್ಷ ಹಾಡಿದ್ನಲ್ಲ, ಅದೂ ಕೇಳಿಸ್ತಿತ್ತಾ?’ ನಾನೇನು ಹೇಳ್ಲಿ? ಕೇಳಿಸ್ಲಿಲ್ಲ ಅಂದ್ರೆ ಸುಳ್ಳ, ಕೇಳಿಸ್ತು ಅಂದ್ರೆ ಕಳ್ಳ."

"ಕಂಬಳಿ ತಂದುಕೊಡಬೇಕಿತ್ತು ನೀನು."

"ನೋಡು, ನೋಡು! ಅದೂ ನಿನಗೆ ಕೇಳಿಸಿದೆ!" ಎಂದು ಸುಮಾನಿ ಹಣೆ ಚಚ್ಚಿಕೊಂಡ. ಎದ್ದವನು ಮತ್ತೆ ಕೂತ. ತಗ್ಗಿದ ದನಿಯಲ್ಲಿ, "ಗಂಡಸ್ರೆಲ್ಲ ನೀನು ಹೊರಡೋದೇ ಒಳ್ಳೇದು ಅಂತಿದ್ದಾರೆ. ನಾನು ಅವರ ಬಾಯಿ ಮುಚ್ಚಿಸ್ತೀನಿ. ಆದ್ರೆ ಹೆಂಗಸ್ರು ಏನಂತಾರೋ ಅದು ನನ್ನ ಕೈಲಿಲ್ಲ ಭಾವ" ಎಂದ.

ಎರಡು ದಿನ ಹೆಂಗಸರು ಬಾವಿಯ ಹತ್ತಿರ ಅವನನ್ನು ಕಂಡರೆ ಬಿಂದಿಗೆ ಎತ್ತಿಕೊಂಡು ಬೇರೆ ದಾರಿ ಹಿಡಿದರು. ಮೂರನೆಯ ದಿನ ಆಸಿಯಾತು ಜೊತೆ ಅಬಿತಿ ಜಫಾಲಿ ಬಂದು, ಅವನ ಮುಖ ನೋಡದೆ, ಜಗುಲಿಯ ಕಂಬದೊಡನೆ ಮಾತಾಡಿದಳು.

"ಚಿಕ್ಕಮ್ಮನ ಹಾಡು ಬೇರೆ ಯಾರ ಹತ್ರಾನೂ ಇಲ್ಲ. ಗಂಡಸು ಕುಟ್ಟೋ ಹಾಡು ಹಾಡಿದ್ರೆ ಊರು ನಗುತ್ತೆ. ಅದಕ್ಕೆ ನಾನೊಂದು ಯೋಚನೆ ಮಾಡಿದ್ದೀನಿ. ನೀವು ಬೇಲಿ ಆಚೆ ಕೂತು ಚಾಪೆ ಹೆಣೀರಿ. ಹೆಣೀತಾ ನಿಮ್ಮಷ್ಟಕ್ಕೆ ನೀವು ಏನಾದ್ರೂ ಗೊಣಗ್ತಿರಿ. ನಾವು ಈಚೆ ಬೆನ್ನು ಹಾಕಿ ಕುಟ್ತಾ ಇರ್ತೀವಿ. ನೀವು ಗೊಣಗಿದ್ದು ನಮಗೆ ಕೇಳಿಸಲ್ಲ."

ಬ್ವಾನಾಲಿಗೆ ನಗು ಬಂತು. ನಗಬಾರದೆಂಬ ಹಳೆಯ ಅಭ್ಯಾಸದಿಂದ ಬೆಟ್ಟದ ಕಡೆ ನೋಡಿದ.

ಮೂರು ದಿನ ಬೆಳಗ್ಗೆ ಹಾಗೆ ನಡೆಯಿತು. ಹುಲ್ಲು ಬೇಲಿಯ ಆಚೆ ಅವನು ಒಂದು ಸಾಲು ಗೊಣಗುವುದು, ಈಚೆ ಹೆಂಗಸರು ಅದೇ ಈಗ ತಾನೇ ನೆನಪಾದಂತೆ ಅದನ್ನು ಎತ್ತಿಕೊಂಡು ಹಾಡುವುದು. ಕಪ್ಪೆಯ ಹಾಡು, ಉಪ್ಪಿನದು, ಗೊರಕೆಯದು, ಅವನು ಪಕ್ಕದ ಊರಿನ ಮದುವೆಯಲ್ಲಿ ಬೇಕೆಂದೇ ಮೂರು ದಿನ ಉಳಿದದ್ದರ ಬಗ್ಗೆ ಹದಿನಾರು ಸಾಲಿನದು. ಅವನ ಸೋಮಾರಿತನದ ಹಾಡಿನಲ್ಲಿ ಒಬ್ಬಳು ಕರುಣೆಯಿಂದ ಒಂದು ಸಾಲು ಹಾರಿಸಿದರೆ ಬೇಲಿಯಾಚೆಯಿಂದ ಕೆಮ್ಮು ಬರುತ್ತಿತ್ತು. ಆ ಸಾಲು ಮತ್ತೆ ಸೇರುತ್ತಿತ್ತು. ಪೆಟ್ಟಿಗೆಯ ಬಟ್ಟೆಯ ಹಾಡಿನ ಸರದಿ ಬಂದಾಗ ಅವನು ಅದನ್ನು ಬಿಟ್ಟು ಮುಂದಿನದಕ್ಕೆ ಹೋದ. ಅದು ಯಂತ್ರದ್ದಲ್ಲ.

ಮೂರನೆಯ ಬೆಳಗ್ಗೆ ಕೊನೆಯದನ್ನು ಕೊಟ್ಟ. ಕೇಳದವನೇ, ಕೇಳದವನೇ. ಈಚೆ ಒನಕೆ ಎದ್ದಾಗ ಹಾಡಿದ್ದು ಅಬಿತಿ ಜಫಾಲಿ ಒಬ್ಬಳೇ. ಗಂಟಲು ಚಿಕ್ಕಮ್ಮನದೇ.

ಯಂತ್ರ ನಿಲ್ಲಿಸಿದ ಮೇಲೆ ಆಸಿಯಾತು ಬೇಲಿಯ ಹತ್ತಿರ ಬಂದಳು. "ಹಾಡು ಕೊಟ್ಟವರ ಹೆಸರು ಬರೀಬೇಕು. ನಿಮ್ಮ ಹೆಸರು ಬರೀಲಾ?"

"ಹಾಡು ಅವಳದ್ದು. ಅವಳ ಹೆಸರು ಬರಿ. ನಾನೇನೂ ಕೇಳಿಸ್ಕೊಂಡಿಲ್ಲ."

ಆಸಿಯಾತು ಹಾಗೆಯೇ ಬರೆದುಕೊಂಡಳು. ಆಮೇಲೆ ಪುಟ ಹಿಂದಕ್ಕೆ ತಿರುಗಿಸಿ, ಅಷ್ಟು ದಿನ ಖಾಲಿ ಬಿದ್ದಿದ್ದ ಗಂಡಸರ ಕೆಲಸದ ಕಾಲಂನಲ್ಲಿ ‘ಕೇಳಿಸಿಕೊಳ್ಳದಿರುವುದು’ ಎಂದು ತುಂಬಿದಳು.

ಸದಕಾದ ಹಿಂದಿನ ದಿನ ಅಬಿತಿ ಜಫಾಲಿ ಒಂದು ತಟ್ಟೆ ಉಗಾದಿ, ಬೀನ್ಸಿನ ಪಲ್ಯ ತಂದಿಟ್ಟು, ಈ ಸಲ ಅವನ ಎದುರೇ ಕೂತಳು.

"ಚಿಕ್ಕಪ್ಪ, ನೀವು ಹಾಡು ವಾಪಸು ಕೊಟ್ಟ ಮೇಲೆ ಹೆಂಗಸ್ರಿಗೆ ಚಪಲ ಶುರುವಾಗಿದೆ. ವಾರಕ್ಕೆರಡು ದಿನ ಗಿರಣಿ ಬಿಟ್ಟು ಕುಟ್ಟೋಣ ಅಂತಿದ್ದಾರೆ. ಹೊಸ ಹಾಡೂ ಕಟ್ತಿದ್ದಾರೆ."

"ಒಳ್ಳೇದೇ ಆಯ್ತಲ್ಲ."

"ಆದ್ರೆ ಈ ಜಗುಲಿ ಮೇಲೆ ನೀವು ಕೂತಿದ್ರೆ ಯಾರಿಗೂ ಬಾಯಿ ಏಳಲ್ಲ. ಉಳಿದ ಗಂಡಸ್ರಿಗೆ ಕೇಳಿಸಲ್ಲ ಅಂತ ಮತ್ತೆ ಹೇಗೋ ನಂಬ್ಕೋಬಹುದು. ನಿಮಗೆ ಕೇಳಿಸುತ್ತೆ ಅಂತ ಗೊತ್ತಾಗೋಗಿದೆ." ಅವಳು ನೆಲ ಕೆರೆದಳು. "ನಾನು ‘ಇರಲಿ’ ಅಂತ ಹೇಳೋಕೇ ಬಂದಿದ್ದೆ ಚಿಕ್ಕಪ್ಪ. ಅಲ್ಲಾನಾಣೆ. ದಾರೀಲಿ ಬರ್ತಾ ಬರ್ತಾ ಆಗ್ಲಿಲ್ಲ."

ಅವನು ಮುದ್ದೆಯ ಒಂದು ಚೂರು ಮುರಿದು, ಉಂಡೆ ಮಾಡಿ, ಮತ್ತೆ ತಟ್ಟೆಯಲ್ಲೇ ಇಟ್ಟ. ಹಿತ್ತಲಿನಾಚೆ ಬಾವೊಬಾಬ್ ಮರದಲ್ಲಿ ಎಲೆಗಳಿರಲಿಲ್ಲ. ಕೊಂಬೆಗಳ ಸಂದಿಯಲ್ಲಿ ಸರೋವರ ಕಾಣುತ್ತಿತ್ತು.

"ಅವಳು ಹಾಡೋ ಊರಿದು," ಎಂದ ಕೊನೆಗೆ. "ಸುಮ್ನಾಗೋದು ಬೇಡ. ನಾಡಿದ್ದು ಬೆಳಗ್ಗೆ ಹೊರಡ್ತೀನಿ."

ತಾಯಿಯ ಊರಾದ ಲಿಕೊಂಬೆ, ಬೆಟ್ಟದಾಚೆ ಒಂದು ದಿನದ ದಾರಿ. ಇಷ್ಟು ವರ್ಷ ಅವನು ಯಾವ ಬೆಟ್ಟ ನೋಡುತ್ತ ಕೂತಿದ್ದನೋ ಅದರದೇ ಹಿಂಬದಿ. ಅಲ್ಲಿ ಅವನು ಅಳಿಯನಲ್ಲ, ಸೋದರಮಾವ. ತೀರಿಕೊಂಡ ಅಕ್ಕತಂಗಿಯರ ಹೆಣ್ಣುಮಕ್ಕಳಿಗೆಲ್ಲ ಮನೆತನದ ಹಿರಿಯ ಅವನೇ. ಅವರ ನಿಕಾಹಿಗೂ ಜಗಳಕ್ಕೂ ಅವನ ಮಾತೇ ಕೊನೆಯದು. ತಂಗಿಯ ಮಗಳು ಜೈನಬು ಮಂಡಿಯೂರಿ ತಟ್ಟೆ ಇಡುತ್ತಿದ್ದಳು. ಅವನು ಬಂದರೆ ಕೂತವರು ಎದ್ದು ಮಣೆ ಕೊಡುತ್ತಿದ್ದರು. ನಾಂಗೂಲದಲ್ಲಿ ಮೂವತ್ತನಾಲ್ಕು ವರ್ಷದಲ್ಲಿ ಸಿಗದ ಮರ್ಯಾದೆ ಇಲ್ಲಿ ಮೂರೇ ದಿನದಲ್ಲಿ ಸಿಕ್ಕಿತು. ಒರಳಿನ ಹಾಡು ಗಂಡಂದಿರಿಗೆ ಮಾತ್ರ. ಸೋದರಮಾವನ ಮೇಲೆ ಯಾರೂ ಹಾಡು ಕಟ್ಟುವುದಿಲ್ಲ.

ಮಳೆ ಶುರುವಾದಾಗ ಅವನ ಗುಡಿಸಲಿನ ಮಾಡು ಸೋರಿತು. ಸರಿಪಡಿಸದೆ ಹಾಗೇ ಬಿಟ್ಟು ನೋಡಿದ. ಯಾರೂ ಏನೂ ಅನ್ನಲಿಲ್ಲ. ಚಾಪೆಯನ್ನು ಎಡಕ್ಕೆ ಎಳೆದುಕೊಂಡ, ಆಮೇಲೆ ಬಲಕ್ಕೆ. ಉಪ್ಪು ತರಲು ಮರೆತ. ಜೈನಬು ಪಕ್ಕದ ಮನೆಯಿಂದ ತಂದು ಹಾಕಿ, "ಉಪ್ಪು ಕಮ್ಮಿ ಆದ್ರೆ ಹೇಳಿ ಮಾವ" ಎಂದಳು. ಒಂದು ದಿನ ಹಟ ಹಿಡಿದು ಸರೋವರದವರೆಗೂ ನಡೆದು ಹೋಗಿ, ಬೇಕೆಂದೇ ಎರಡೇ ಮೀನು ತಂದ. ಅದರಲ್ಲೊಂದು ಅಂಗೈಗಿಂತ ಚಿಕ್ಕದು. ಜೈನಬುವಿನ ಕೈಗಿಟ್ಟು, ಬೆನ್ನು ಹಾಕಿ, ಕಾದು ಕೂತ.

"ಎಷ್ಟು ದೊಡ್ಡ ಮೀನು ಮಾವ! ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದಳು ಅವಳು.

ಅವನು ಆ ದಿನ ಊಟ ಮಾಡಲಿಲ್ಲ. ಆ ಊರಿನಲ್ಲಿ ಅವನ ಮೇಲೆ ಒಬ್ಬರಿಗೂ ಸಿಟ್ಟಿರಲಿಲ್ಲ.

ಜೋಳದ ಕೊಯ್ಲು ಮುಗಿದ ಮೇಲೆ ಆಸಿಯಾತು ಲಿಕೊಂಬೆಗೆ ಬಂದಳು, ಈ ಸಲ ಒಬ್ಬಳೇ, ಬಾಡಿಗೆ ಸೈಕಲ್ಲಿನ ಹಿಂದೆ ಕೂತು. ಹಾಡು ಯಾರದೋ ಅವರಿಗೆ ಮೊದಲು ಕೇಳಿಸಿ, ಒಪ್ಪಿಗೆ ಪಡೆಯುವುದು ಅವರ ಕೆಲಸದ ಕ್ರಮವಂತೆ. "ಹಾಡಿದೋರು ಇಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ" ಎಂದು ಫೋನು ತೆಗೆದು ಜಗುಲಿಯ ಮೇಲಿಟ್ಟಳು.

ಒನಕೆಯ ಪೆಟ್ಟು ಕೇಳಿತು. ಒಂದು, ಎರಡು, ಮೂರು, ನಾಲ್ಕು. ಬ್ವಾನಾಲಿ ತಕ್ಷಣ ಫೋನಿಗೆ ಬೆನ್ನು ಹಾಕಿ ತಿರುಗಿ ಕೂತ. ಎದುರಿಗೆ ಬೆಟ್ಟವಿತ್ತು, ಅದರ ಈಚೆಯ ಮುಖ. ಕೈಗೆ ಸಿಕ್ಕಿದ ತಾಳೆಗರಿ ಎತ್ತಿಕೊಂಡ. ಹಿಂದೆ ಅಬಿತಿ ಜಫಾಲಿ ಹಾಡುತ್ತಿದ್ದಳು. ಕೇಳದವನೇ, ಕೇಳದವನೇ. ಎಲ್ಲೂ ಒಂದು ಪದ ತಪ್ಪಿರಲಿಲ್ಲ.

ಹಾಡು ಮುಗಿಯಿತು. ಜೈನಬು ಬಾಗಿಲಿಗೆ ಬಂದು ನಿಂತಿದ್ದಳು. ಮಾವನ ಬೆನ್ನು ಅಲುಗಾಡುವುದನ್ನು ಕಂಡು ಅವಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

"ಕೇಳಿಸ್ತಾ ಅಜ್ಜ?" ಎಂದು ಆಸಿಯಾತು ಮೆಲ್ಲಗೆ ಕೇಳಿದಳು.

ಅವನು ತಿರುಗಲಿಲ್ಲ. ಗರಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿದ.

"ಕೇಳಿಸ್ಲಿಲ್ಲ ಮಗಳೇ" ಎಂದ. "ಇನ್ನೊಂದ್ಸಲ ಹಾಕು."